ನಾಯಿಗಳನ್ನು ಹಳದಿ ಮಾಡಲು ವೆಲ್ಲಿಂಗ್ಟನ್ನಿಗೆ

ಮಾರ್ಚ್ 9, ಭಾನುವಾರ, ಮಧ್ಯಾಹ್ನ 2.40. ವಿಮಾನ ನಿಲ್ದಾಣ

ಪ್ರವಾಸ ಶುರುವಾದದ್ದು ಈ ಹೊತ್ತಿಗೆ ಎಂದು ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಮೈಸೂರು ಬಿಟ್ಟದ್ದು ಶುಕ್ರವಾರವೇ. ಆದರೆ ವಿಮಾನದಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದನ್ನೆಲ್ಲ ಪ್ರವಾಸಕ್ಕೆ ಸೇರಿಸಿಕೊಳ್ಳುವುದು ಮೋಸ.

ವೆಲ್ಲಿಂಗ್ಟನ್ನಿನಲ್ಲಿ ವಿಮಾನ ನೆಲ ಮುಟ್ಟಲು ಹೋಗಿ, ಮನಸ್ಸು ಬದಲಾಯಿಸಿ, ಮತ್ತೆ ಮೇಲೆ ಹೋಯಿತು. ನಾನು ನೆನಪಿದ್ದ ದೇವರ ಹೆಸರನ್ನೆಲ್ಲ ಹೇಳಿ ಮುಗಿಸಿದೆ. ಪಕ್ಕದ ಸೀಟಿನ ಹೆಂಗಸು ಕಾಲುಚೀಲ ಹೆಣೆಯುತ್ತಿದ್ದರು. ಅವರ ಒಂದು ಕುಣಿಕೆಯೂ ತಪ್ಪಲಿಲ್ಲ.

"ಇವತ್ತು ಗಾಳಿ ಕಡಿಮೆ," ಎಂದರು.

ಹೊರಗೆ ಬಂದರೆ, ಐದು ಖಾಲಿ ಚೌಕಗಳನ್ನು ಅಚ್ಚು ಹಾಕಿದ್ದ ಕಾಗದ ಹಿಡಿದು ಸೀರೆಯ ಮೇಲೆ ರೇನ್‌ಕೋಟು ತೊಟ್ಟ ಒಬ್ಬರು ನಿಂತಿದ್ದರು. ಅದು ನಾನೇ ಎಂದು ತಕ್ಷಣ ಗೊತ್ತಾಯಿತು.

ಅದು ಹೇಗೆಂದು ಹೇಳಬೇಕು. ನನ್ನ ಹೆಸರು ಮೇಘನಾ. ಮೈಸೂರಿನ ಒಂದು ಪುಟ್ಟ ಪ್ರೆಸ್ಸಿನಲ್ಲಿ ಕೆಲಸ. ಅಚ್ಚಿಗೆ ಹೋಗುವ ಮುನ್ನ ಪುಟದಲ್ಲಿ ಕನ್ನಡ ಅಕ್ಷರಗಳು ಸರಿಯಾಗಿ ಕೂತಿವೆಯೇ ಎಂದು ನೋಡುವುದು. ಯಂತ್ರಕ್ಕೆ ಅಕ್ಷರದ ಪರಿಚಯ ಇಲ್ಲದಿದ್ದರೆ ಅದರ ಜಾಗದಲ್ಲಿ ಒಂದು ಖಾಲಿ ಚೌಕ ಇಡುತ್ತದೆ. ಅದಕ್ಕೆ ನಮ್ಮ ಪ್ರೆಸ್ಸಿನಲ್ಲಿ ಡಬ್ಬಿ ಎನ್ನುತ್ತೇವೆ. ಕೆಲವರು ಅಂಚೆಚೀಟಿ ಕೂಡಿಡುತ್ತಾರೆ. ನಾನು ಕಂಡಕಂಡಲ್ಲಿ ಡಬ್ಬಿ ಎಣಿಸಿ ಬರೆದಿಡುತ್ತೇನೆ. ಸಣ್ಣ ಸಣ್ಣ ಲಿಪಿಗಳನ್ನು ಕಂಪ್ಯೂಟರಿಗೆ ಹೊಂದಿಸುವ ಬಗ್ಗೆ ವೆಲ್ಲಿಂಗ್ಟನ್ನಿನಲ್ಲಿ ಮೂರು ದಿನದ ಕಮ್ಮಟ ಇತ್ತು. ಹೋಗಬೇಕಾಗಿದ್ದವರು ನಮ್ಮ ಮಾಲೀಕರು. ಅವರಿಗೆ ಮಂಡಿ ನೋವು. ನನ್ನ ಮಂಡಿಗಳು ಚೆನ್ನಾಗಿದ್ದವು.

ಕಾಗದ ಹಿಡಿದಿದ್ದವರು ಪದ್ಮಾ ಆಂಟಿ, ಮಾಲೀಕರ ನಾದಿನಿ. ಊರಾಚೆಯ ಅಪ್ಪರ್ ಹಟ್‌ನಲ್ಲಿ ಮನೆ.

"ಆಫೀಸಿನ ಪ್ರಿಂಟರ್‌ನಲ್ಲಿ ತೆಗೆದೆ ಕಣೆ. ಸ್ಕ್ರೀನ್ ಮೇಲೆ ಎಷ್ಟು ಚೆನ್ನಾಗಿತ್ತು ಗೊತ್ತಾ," ಎಂದು ಬೇಜಾರು ಮಾಡಿಕೊಂಡರು.

"ಪರವಾಗಿಲ್ಲ ಆಂಟಿ. ನನಗೆ ಓದಕ್ಕಾಯ್ತು," ಎಂದೆ. ಡಬ್ಬಿ ಲೆಕ್ಕ: ಐದು.

ಮಾರ್ಚ್ 10, ಸೋಮವಾರ. ಅಪ್ಪರ್ ಹಟ್‌ನಿಂದ ವೆಲ್ಲಿಂಗ್ಟನ್

ಬೆಳಿಗ್ಗೆ ಹಾಲು ತರಲು ಆಂಟಿ ನನ್ನನ್ನು ಡೈರಿಗೆ ಕಳಿಸಿದರು. ಹಸುಗಳನ್ನು ಹುಡುಕಿಕೊಂಡು ಎರಡು ರಸ್ತೆ ಸುತ್ತಿ ಬಂದೆ. ಇಲ್ಲಿ ಡೈರಿ ಎಂದರೆ ಮೂಲೆಯ ಸಣ್ಣ ಅಂಗಡಿ. ಅಲ್ಲಿ ಲಾಟರಿ ಚೀಟಿ, ಐಸ್‌ಕ್ರೀಮು, ಮೀನಿನ ಗಾಳ ಎಲ್ಲ ಸಿಗುತ್ತದೆ, ಹಾಲು ಕೂಡ. ಮುಂದೆ ನಿಂತಿದ್ದ ದೊಡ್ಡ ಮನುಷ್ಯ ಕೋಟು ಹಾಕಿದ್ದ, ಟೈ ಕಟ್ಟಿದ್ದ, ಕಾಲಲ್ಲಿ ಏನೂ ಇರಲಿಲ್ಲ. ನಮ್ಮಲ್ಲಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತೇವೆ. ಈತ ಮನೆಯಲ್ಲೇ ಬಿಟ್ಟು ಬಂದಿದ್ದ. ಯಾರೂ ತಿರುಗಿ ನೋಡಲಿಲ್ಲ, ನನ್ನ ಹೊರತು.

ರೈಲು ಇರಲಿಲ್ಲ. ಹಳಿ ರಿಪೇರಿ, ಬದಲಿಗೆ ಬಸ್ಸು. ಇಳಿಯುವವರೆಲ್ಲ ಹಿಂಬಾಗಿಲಿನಿಂದಲೇ ಡ್ರೈವರಿಗೆ ಕೂಗಿ ಥ್ಯಾಂಕ್ಸ್ ಹೇಳುತ್ತಿದ್ದರು. ನಮ್ಮೂರ ಸಿಟಿ ಬಸ್ಸಿನಲ್ಲೂ ಇಳಿಯುವಾಗ ಡ್ರೈವರಿಗೆ ಕೂಗಿ ಹೇಳುತ್ತೇವೆ, ಆದರೆ ಅದು ಬೇರೆ.

ಕಮ್ಮಟದ ಸಭಾಂಗಣ ಗುಡ್ಡದ ತಿರುವಿನಲ್ಲಿತ್ತು. ಆ ತಿರುವಿನಲ್ಲಿ ಗಾಳಿಯ ಮನೆ ಇರಬೇಕು. ಬಸ್ಸು ಇಳಿದವಳ ಮುಖಕ್ಕೆ ಒಂದು ಹಾಳೆ ಬಂದು ಅಂಟಿಕೊಂಡಿತು. ಹಿಂದೆಯೇ ಉದ್ದ ಜಡೆಯ, ಐವತ್ತರ ಆಸುಪಾಸಿನ ಹೆಂಗಸೊಬ್ಬರು ಓಡಿ ಬಂದರು.

"ಹಿಡಿ, ಹಿಡಿ. ಅದು ನಮ್ಮಜ್ಜಿಯದ್ದು."

ಹಾಳೆ ಬಿಡಿಸಿಕೊಂಡು ನೋಡಿದೆ. ಬಾಣದ ತುದಿ, ಕೊಕ್ಕೆ, ಕುಡುಗೋಲು, ಚುಕ್ಕಿ. ನೋಡಲು ಎಷ್ಟು ಚೆಂದವೋ ಮೇಲು ಯಾವುದು ಕೆಳಗು ಯಾವುದು ಎಂದು ತಿಳಿಯುವುದು ಅಷ್ಟೇ ಕಷ್ಟ. ಮರ್ಯಾದೆಯಿಂದ ಎರಡೂ ಕೈಯಲ್ಲಿ ಕೊಟ್ಟೆ. ಅವರು ಹಾಗೇ ಹಿಡಿದು ಒಂದು ಸಾಲು ಗಟ್ಟಿಯಾಗಿ ಓದಿ, ಬಗ್ಗಿ ಬಗ್ಗಿ ನಕ್ಕರು.

"ತಲೆಕೆಳಗು ಕೊಟ್ಟೆ. ಹೀಗೆ ಓದಿದರೆ ನಮ್ಮಜ್ಜಿ ಹಲ್ಲಿಲ್ಲದೆ ಜ್ವರದಲ್ಲಿ ಬಡಬಡಿಸಿದ ಹಾಗಿದೆ."

ಅವರ ಹೆಸರು ಮಾರ್ಗರೆಟ್. ಉತ್ತರ ಕೆನಡಾದ ಕ್ರೀ ಜನರವರು, ಅಲ್ಲಿನ ಶಾಲೆಯಲ್ಲಿ ಮಕ್ಕಳಿಗೆ ಕ್ರೀ ಕಲಿಸುತ್ತಾರೆ. ಅವರ ಲಿಪಿಯ ಗುಟ್ಟನ್ನು ಅಲ್ಲೇ ಗೋಡೆಯ ಮರೆಯಲ್ಲಿ ನಿಂತು ಹೇಳಿದರು. ಬಾಣದ ತುದಿ ಮೇಲಕ್ಕೆ ನೋಡಿದರೆ ಅದು 'ಪಿ', ಕೆಳಕ್ಕೆ ನೋಡಿದರೆ 'ಪೇ', ಬಲಕ್ಕೆ 'ಪೋ', ಎಡಕ್ಕೆ 'ಪ'. ನಾವು ಅಕ್ಷರವನ್ನು ನಿಲ್ಲಿಸಿ ತಲೆಗೆ, ಕಾಲಿಗೆ, ಪಕ್ಕಕ್ಕೆ ಒಡವೆ ಹಾಕುತ್ತೇವೆ. ಅವರಲ್ಲಿ ಅಕ್ಷರವೇ ಮಗ್ಗಲು ಬದಲಾಯಿಸುತ್ತದೆ. ಖರ್ಚು ಕಡಿಮೆ.

ಕಾಫಿ ಕುಡಿಯುತ್ತ ಅವರು ಬಂದ ಕಾರಣ ತಿಳಿಯಿತು. ತೊಂಬತ್ತು ದಾಟಿದ ಅಜ್ಜಿಯ ಹತ್ತಿರ ಒಂದು ಪೆಟ್ಟಿಗೆ ತುಂಬ ಕಥೆಗಳಿವೆ, ಎಲ್ಲ ಕೈಬರಹ. ಬಹಳ ವರ್ಷದ ಹಿಂದೆ ಊರಿನ ಮೇಷ್ಟರೊಬ್ಬರು ಅವನ್ನು ಟೈಪು ಮಾಡಿಕೊಟ್ಟಿದ್ದರು. ಅಜ್ಜಿಗೆ ಕಂಪ್ಯೂಟರಿನಲ್ಲಿ ಇಷ್ಟವಾದದ್ದು ಒಂದೇ ಆಟ. 'ನಾಯಿ' ಎಂದು ಹುಡುಕಿದರೆ ಕಥೆಯಲ್ಲಿ ಎಲ್ಲೆಲ್ಲಿ ನಾಯಿ ಇದೆಯೋ ಅಲ್ಲೆಲ್ಲ ಹಳದಿ ಬಣ್ಣ ಹತ್ತುತ್ತಿತ್ತು. ಅಜ್ಜಿಯ ಕಥೆಗಳಲ್ಲಿ ನಾಯಿ ಜಾಸ್ತಿ. ದಿನಾ ಸಂಜೆ ಹೋಗಿ ನಾಯಿಗಳನ್ನು ಹಳದಿ ಮಾಡಿಸಿಕೊಂಡು ಬರುತ್ತಿದ್ದರಂತೆ. ಆ ಮೇಲೆ ಹೊಸ ಕಂಪ್ಯೂಟರು ಬಂತು. ಕಥೆ ತೆರೆದರೆ ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು.

ಇದು ನಮ್ಮ ಮನೆಯ ಕಥೆಯೇ. ಈಗ ಪ್ರತಿ ಅಕ್ಷರಕ್ಕೂ ಜಗತ್ತಿಗೆಲ್ಲ ಒಪ್ಪಿಗೆಯಾದ ಒಂದು ಸಂಖ್ಯೆ ಇದೆ. ಕನ್ನಡದ 'ಕ'ಗೂ ಇದೆ, ಕ್ರೀಯ ಬಾಣಕ್ಕೂ ಇದೆ. ಅದು ಬಳಕೆಗೆ ಬರುವ ಮುಂಚೆ ಎಲ್ಲರೂ ಇಂಗ್ಲಿಷ್ ಅಕ್ಷರದ ಸಂಖ್ಯೆಗೇ ತಮ್ಮ ಅಕ್ಷರದ ವೇಷ ತೊಡಿಸುತ್ತಿದ್ದರು. ಆ ವೇಷದ ಫಾಂಟು ಇಲ್ಲದ ಕಂಪ್ಯೂಟರಿಗೆ ಹೋದರೆ ಒಳಗಿನ ಇಂಗ್ಲಿಷು ಬತ್ತಲೆಯಾಗಿ ಎದ್ದು ಬರುತ್ತದೆ. ಅಂಥ ಕನ್ನಡ ಫೈಲುಗಳು ನಮ್ಮ ಪ್ರೆಸ್ಸಿಗೆ ಇವತ್ತಿಗೂ ಬರುತ್ತವೆ.

"ಕಂಪ್ಯೂಟರು ನನ್ನ ನಾಯಿಗಳನ್ನು ತಿಂದಿತು ಅಂತಾರೆ ಅಜ್ಜಿ," ಎಂದರು ಮಾರ್ಗರೆಟ್. "ಪೆಟ್ಟಿಗೆ ಮುಟ್ಟಕ್ಕೆ ಬಿಡಲ್ಲ. ಮಕ್ಕಳಿಗೆ ಓದಿಸಕ್ಕೆ ನನ್ನ ಹತ್ತಿರ ಇರೋದು ಈ ಒಂದೇ ಕಥೆ, ಅದೂ ಎಷ್ಟೋ ಬೇಡಿಕೊಂಡ ಮೇಲೆ. ಬುಧವಾರ ವಿಡಿಯೋದಲ್ಲಿ ಅಜ್ಜಿ ನೋಡ್ತಾರೆ. ಭೂಮಿಯ ಈ ತುದಿಯ ಕಂಪ್ಯೂಟರಲ್ಲೂ ಇದು ಸರಿಯಾಗಿ ಬಂದರೆ ಪೆಟ್ಟಿಗೆ ತೆಗೀತಾರೆ. ಇಲ್ಲದಿದ್ದರೆ ಪೆಟ್ಟಿಗೆ ಮೇಲೆ ಕೂತುಬಿಡ್ತಾರೆ. ನಿಜವಾಗಿ ಕೂರ್ತಾರೆ. ನೋಡಿದ್ದೀನಿ."

ಮಾರ್ಚ್ 11, ಮಂಗಳವಾರ. ಸಭಾಂಗಣ, ಆ ಮೇಲೆ ಊಟ

ಇಲ್ಲಿನ ಮಾವೋರಿ ಸಂಪ್ರದಾಯದಲ್ಲಿ ಒಬ್ಬರು ಮಾತಾಡಿ ಮುಗಿಸಿದ ಕೂಡಲೇ ಅವರ ಕಡೆಯವರು ಎದ್ದು ನಿಂತು ಒಂದು ಹಾಡು ಹೇಳಬೇಕು. ಹಾಡಿಲ್ಲದ ಮಾತು ಅರ್ಧ ಮಾತು. ಇದನ್ನು ನನಗೆ ಹೇಳಿದ್ದು ಸಭಾಂಗಣ ನೋಡಿಕೊಳ್ಳುವ ಹೇಮಿ, ನನ್ನ ಮಾತಿಗೆ ಹತ್ತು ನಿಮಿಷ ಇರುವಾಗ. ಕರ್ನಾಟಕದ ಕಡೆಯಿಂದ ಬಂದವಳು ನಾನೊಬ್ಬಳೇ. ನನ್ನ ಗಂಟಲು ಎಣಿಸಲು ಮಾತ್ರ ಯೋಗ್ಯ. ಆಂಟಿಗೆ ಫೋನು ಮಾಡಿದೆ. ಅವರ ಆಫೀಸು ಪಕ್ಕದ ಬೀದಿ.

ಆಂಟಿ ಎಂಟು ನಿಮಿಷಕ್ಕೆ ಬಂದರು. ನಾನು ಹಿಂದಿನ ರಾತ್ರಿಯೆಲ್ಲ ಕಲಿತ ನಾಲ್ಕು ವಾಕ್ಯ ಹೇಳಿ ಮುಗಿಸಿದೆ. ಆಂಟಿ ಎದ್ದು, ರೇನ್‌ಕೋಟು ಬಿಚ್ಚಿ, ಕಣ್ಣು ಮುಚ್ಚಿ, ಆಲಾಪ ತೆಗೆದರು. ಪಲ್ಲವಿ ಆಯಿತು, ಚರಣಗಳಾದವು. ಹಾಡು ಮುಗಿಯಿತೆಂದು ಎರಡು ಸಲ ಚಪ್ಪಾಳೆ ಬಿತ್ತು. ಎರಡು ಸಲವೂ ಆಂಟಿ ಕೈಯೆತ್ತಿ ತಡೆದು ಮುಂದುವರಿಸಿದರು. ನಮ್ಮಲ್ಲಾದರೆ ಈ ಹೊತ್ತಿಗೆ ಕಾಫಿ ತಂದು ಎದುರಿಗೆ ಹಿಡಿದು ನಿಲ್ಲಿಸುತ್ತಾರೆ. ಇಲ್ಲಿ ಆ ಉಪಾಯ ಯಾರಿಗೂ ಗೊತ್ತಿರಲಿಲ್ಲ.

"ನಮ್ಮ ಮಾವೋರಿ ಬರಹಕ್ಕೆ ಬೇಕಾದದ್ದು ದೀರ್ಘ ತೋರಿಸಕ್ಕೆ ಸ್ವರದ ತಲೆ ಮೇಲೆ ಒಂದೇ ಒಂದು ಅಡ್ಡಗೆರೆ," ಎಂದು ಹೇಮಿ ಕಣ್ಣೊರೆಸಿಕೊಂಡು ಹೇಳಿದ. ನಗುವೋ ಅಳುವೋ ಗೊತ್ತಾಗಲಿಲ್ಲ. "ಆ ಗೆರೆಗಾಗಿ ನನ್ನ ಅತ್ತೆ ಎಷ್ಟು ಆಫೀಸು ಅಲೆದರು. ನಿನ್ನ ಆಂಟಿಯನ್ನು ಕರೆದುಕೊಂಡು ಹೋಗಿ ಹಾಡಿಸಿದ್ದರೆ ಒಂದೇ ದಿನಕ್ಕೆ ಕೊಡ್ತಿದ್ದರು."

ಮಧ್ಯಾಹ್ನ ಮಾರ್ಗರೆಟ್, ಊರಿನಲ್ಲೇ ಟೈಪು ಮಾಡಿ ಪೆನ್‌ಡ್ರೈವಿನಲ್ಲಿ ತಂದಿದ್ದ ಅಜ್ಜಿಯ ಕಥೆಯನ್ನು ಸಭಾಂಗಣದ ಕಂಪ್ಯೂಟರಿಗೆ ಹಾಕಿ ನೋಡಿದರು. ಪರದೆ ತುಂಬ ಡಬ್ಬಿ. ಸಾಲು ಸಾಲು ಡಬ್ಬಿ, ಅಪಾರ್ಟ್‌ಮೆಂಟಿನ ಕಿಟಕಿಗಳ ಹಾಗೆ. ಎಣಿಸಲು ಹೋಗಿ ಸೋತು, 'ಬಹಳ' ಎಂದು ಬರೆದುಕೊಂಡೆ.

ಆ ಕಂಪ್ಯೂಟರು ಹಳೆಯದು, ಮೇಲಾಗಿ ಬೀಗ ಹಾಕಿದ್ದು. ಕ್ರೀ ಫಾಂಟು ಸೇರಿಸಬೇಕೆಂದರೆ ಮೇಲಿನ ಕಚೇರಿಯ ಅನುಮತಿ ಬೇಕು. "ಗುರುವಾರದೊಳಗೆ ಸಿಗುತ್ತೆ," ಎಂದ ಹೇಮಿ. ನಮ್ಮದು ಬುಧವಾರ. ಹೊರಗಿನ ಲ್ಯಾಪ್‌ಟಾಪು ಜೋಡಿಸಬಹುದೇ? "ಹೌದು... ಇಲ್ಲ," ಎಂದ. ಇಲ್ಲಿನವರು ಇಲ್ಲ ಎನ್ನುವ ಮೊದಲು ಒಂದು ಹೌದು ಹೇಳುತ್ತಾರೆ, ಮನಸ್ಸಿಗೆ ನೋವಾಗದಿರಲಿ ಎಂದು.

ಮಾರ್ಗರೆಟ್ ಮುಖ ಸಣ್ಣದಾಯಿತು. ಆಗ ನಾನು ಎದೆ ಮುಂದೆ ಮಾಡಿ ಹೇಳಿದೆ, "ಅಷ್ಟೇ ತಾನೇ. ಕರ್ವ್ ಮಾಡಿಬಿಡೋಣ."

ಇದು ನಮ್ಮ ಪ್ರೆಸ್ಸುಗಳ ರಾಮಬಾಣ. ಫಾಂಟಿನ ಗೋಳೇ ಬೇಡವೆಂದು ಅಕ್ಷರಗಳನ್ನೆಲ್ಲ ಬರೀ ಗೆರೆಗಳ ಚಿತ್ರವಾಗಿ ಬದಲಾಯಿಸಿ ಕಳಿಸುತ್ತೇವೆ. ಯಾವ ಕಂಪ್ಯೂಟರಿಗೆ ಹೋದರೂ ಡಬ್ಬಿಯಾಗುವುದಿಲ್ಲ, ಏಕೆಂದರೆ ಅದರಲ್ಲಿ ಅಕ್ಷರವೇ ಉಳಿದಿರುವುದಿಲ್ಲ.

"ಆ ಮೇಲೂ ಅದು ಅಕ್ಷರವೇನಾ?" ಎಂದು ಮಾರ್ಗರೆಟ್ ಅನುಮಾನಿಸಿದರು.

"ನೋಡಕ್ಕೆ ಅಕ್ಷರವೇ. ನಮ್ಮೂರಲ್ಲಿ ಲಗ್ನಪತ್ರಿಕೆಗಳೆಲ್ಲ ಹೀಗೇ. ಇವತ್ತಿನವರೆಗೂ ಒಬ್ಬ ವರನೂ ಬಂದು ಜಗಳ ಆಡಿಲ್ಲ."

ನನ್ನ ಲ್ಯಾಪ್‌ಟಾಪಿನಲ್ಲಿ ಮಾಡಿ ಕೊಟ್ಟೆ. ಪರದೆಯ ಮೇಲೆ ಕಥೆ ಗಾಜಿನ ಹಾಗೆ ಬಂತು. ಮಾರ್ಗರೆಟ್ ನನ್ನನ್ನು ಅಪ್ಪಿಕೊಂಡರು. ನಾಯಿಗಳ ವಿಷಯ ನಮ್ಮಿಬ್ಬರಿಗೂ ನೆನಪಾಗಲಿಲ್ಲ.

ಸಂಜೆ ಅವರನ್ನು ಅಪ್ಪರ್ ಹಟ್‌ಗೆ ಊಟಕ್ಕೆ ಕರೆತಂದೆವು. ಆಂಟಿಯ ಅಕ್ಕಿರೊಟ್ಟಿ ತಿಂದು ಮಾರ್ಗರೆಟ್ ತಮ್ಮೂರಿನ ದಪ್ಪ ರೊಟ್ಟಿ ಬ್ಯಾನಕ್ ನೆನೆಸಿಕೊಂಡರು; ಅಜ್ಜಿಯ ಕಥೆಯೂ ಅದೇ, ಬ್ಯಾನಕ್ ಕದ್ದ ನಾಯಿಯದು. ಆಂಟಿ ತಮ್ಮ ಫೋನು ಮುಂದಿಟ್ಟರು. ಗಾಜು ಮೂರು ಕಡೆ ಸೀಳಿದ್ದು, ತುಂಬ ಹಳೆಯದು, ಹೊಟ್ಟೆ ತುಂಬ ಗುಡ್ ಮಾರ್ನಿಂಗ್ ಗುಲಾಬಿಗಳು.

"ನಿಮ್ಮ ಭಾಷೇಲಿ ಗುಡ್ ಮಾರ್ನಿಂಗ್ ಹಾಕ್ಕೊಡಿ ಮಾರ್ಗರೆಟ್. ಫ್ಯಾಮಿಲಿ ಗ್ರೂಪಿಗೆ ಕಳಿಸಬೇಕು. ನಮ್ಮ ಓರಗಿತ್ತಿ ದಿನಾ ಸಂಸ್ಕೃತದಲ್ಲಿ ಕಳಿಸಿ ಹೊಟ್ಟೆ ಉರಿಸ್ತಾಳೆ."

ಮಾರ್ಗರೆಟ್ ಕ್ರೀ ಕೀಲಿಮಣೆ ಇಳಿಸಿಕೊಟ್ಟರು. ಫೋನಿನಲ್ಲಿ ಅಕ್ಷರ ಚೆನ್ನಾಗಿಯೇ ಬಂತು. ಅದನ್ನು ನೋಡಿಯೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ. ಎರಡನೇ ರೊಟ್ಟಿಯ ಮೇಲೆ ಗಮನ ಇತ್ತು.

ಮಾರ್ಚ್ 12, ಬುಧವಾರ, ಬೆಳಿಗ್ಗೆ 10. ಸಭಾಂಗಣ, ಅಜ್ಜಿಗೆ ಇನ್ನೂ ಮಂಗಳವಾರ

ಒಂದು ಪರದೆಯಲ್ಲಿ ಕಥೆ, ಇನ್ನೊಂದರಲ್ಲಿ ಅಜ್ಜಿ. ಅಲ್ಲಿ ಹಿಂದಿನ ದಿನದ ಮಧ್ಯಾಹ್ನ. ಕಿಟಕಿಯಲ್ಲಿ ಹಿಮ. ಅಜ್ಜಿ ಕಂದುಬಣ್ಣದ ಪೆಟ್ಟಿಗೆಯ ಮೇಲೆ ಆಗಲೇ ಕೂತಿದ್ದರು. ಅವರ ಮಾತನ್ನು ಮಾರ್ಗರೆಟ್ ನಮಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು.

"ನಾಳೆ ಹೇಗಿದೆ?" ಎಂದು ಅಜ್ಜಿಯ ಮೊದಲ ಪ್ರಶ್ನೆ.

"ಗಾಳಿ," ಎಂದರು ಮಾರ್ಗರೆಟ್.

ಅಜ್ಜಿ ಕನ್ನಡಕ ಹಾಕಿಕೊಂಡು ಕಥೆಯನ್ನು ಓದಿದರು. ತುಟಿ ಅಲುಗುತ್ತಿತ್ತು. ಒಂದು ಕಡೆ ನಕ್ಕರು. ನಾನು ಹೇಮಿಯ ಕಡೆ ನೋಡಿ ಕತ್ತು ಎತ್ತಿ ತೋರಿಸಿದೆ, ನನ್ನ ಕೆಲಸ ಎಂದು. ಓದಿ ಮುಗಿಸಿ ಅಜ್ಜಿ ಕೈಕಟ್ಟಿ ಕೂತರು.

"ಚೆನ್ನಾಗಿದೆ. ಈಗ ನಾಯಿಗಳನ್ನು ಹಳದಿ ಮಾಡು."

ಮಾರ್ಗರೆಟ್ ನನ್ನ ಮುಖ ನೋಡಿದರು. ನಾನು ಬೂಟು ನೋಡಿಕೊಂಡೆ. ನಾಯಿಗೆ ಅವರ ಮಾತಿನಲ್ಲಿ ಅತಿಮ್, ಬರೆಯುವುದು ಹೀಗೆ: ᐊᑎᒼ. (ಇಲ್ಲಿ ನಿಮಗೆ ಮೂರು ಡಬ್ಬಿ ಕಂಡರೆ ದಯವಿಟ್ಟು ಸಂಪಾದಕರನ್ನು ಬೈಯಬೇಡಿ, ನನಗೆ ತಿಳಿಸಿ, ಲೆಕ್ಕಕ್ಕೆ ಸೇರಿಸುತ್ತೇನೆ.) ಮಾರ್ಗರೆಟ್ ಆ ಪದವನ್ನು ಪೆನ್‌ಡ್ರೈವಿನ ಮೂಲ ಕಥೆಯಿಂದ ನಕಲಿಸಿ ಕೊಟ್ಟರು, ಹೇಮಿ ಹುಡುಕು ಒತ್ತಿದ. ಕಂಪ್ಯೂಟರು ಸ್ವಲ್ಪ ಯೋಚಿಸಿ, ಏನೂ ಸಿಗಲಿಲ್ಲ ಎಂದಿತು. ಕಥೆಯ ಮೊದಲ ಪದವೇ ನಾಯಿ.

"ಎಷ್ಟು ನಾಯಿ?" ಎಂದರು ಅಜ್ಜಿ.

"ಒಂದೂ ಇಲ್ಲ," ಎಂದರು ಮಾರ್ಗರೆಟ್, ಬಹಳ ಸಣ್ಣ ದನಿಯಲ್ಲಿ.

"ಗೊತ್ತಾಯ್ತು. ಫೋಟೊ ತೋರಿಸ್ತಿದ್ದೀಯ. ಫೋಟೊ ನನ್ನ ಹತ್ರಾನೂ ಇದೆ. ಫೋಟೊದ ನಾಯಿ ಕರೆದರೆ ಬರುತ್ತಾ?"

ಅಜ್ಜಿ ಪೆಟ್ಟಿಗೆಯ ಮೇಲೆ ಇನ್ನೊಂದಿಷ್ಟು ಗಟ್ಟಿಯಾಗಿ ಕೂತರು. ಇದು ಯಾರ ಉಪಾಯ ಎಂದು ಕೇಳಿದರು. ನಾನೇ ಎದ್ದು ನಿಂತೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಏನೋ ಅಂದರು. ಮಾರ್ಗರೆಟ್ ಅದನ್ನು ಇಂಗ್ಲಿಷಿಗೆ ತರಲು ಒಪ್ಪಲಿಲ್ಲ.

ಇಷ್ಟರಲ್ಲಿ ಕೊನೆಯ ಸಾಲಿನಲ್ಲಿ ವಿಡಿಯೋ ತೆಗೆಯುತ್ತಿದ್ದ ಆಂಟಿ ಸೀದಾ ವೇದಿಕೆಗೆ ನಡೆದುಬಂದರು. ಮತ್ತೆ ಹಾಡುತ್ತಾರೇನೋ ಎಂದು ಮುಂದಿನ ಸಾಲಿನವರು ಸೆಟೆದು ಕೂತರು.

"ಅಲ್ಲ ಕಣೆ ಮೇಘನಾ, ನಿನ್ನೆ ನನ್ನ ಫೋನಲ್ಲಿ ಬಂತಲ್ಲ. ಅಷ್ಟು ದೂರದಿಂದ ಬಂದು ಆ ಬೀಗ ಹಾಕಿರೋ ಡಬ್ಬಾನ ಯಾಕೆ ನೆಚ್ಚಿಕೊಂಡು ಕೂತಿದ್ದೀಯ? ಮಾರ್ಗರೆಟ್, ತಗೊಳ್ಳಿ. ಗುಡ್ ಮಾರ್ನಿಂಗ್ ಒಂದು ಮುಟ್ಟಬೇಡಿ, ಅದು ನಾಳೆಗಿಟ್ಟಿದ್ದೀನಿ."

ಪೆನ್‌ಡ್ರೈವು ಆ ಫೋನಿಗೆ ಹಿಡಿಸುವಂಥದ್ದಲ್ಲ; ಮಾರ್ಗರೆಟ್ ಹಾಳೆ ನೋಡಿಕೊಂಡು ಆ ಸೀಳುಗಾಜಿನ ಮೇಲೆ ಕಥೆಯನ್ನು ಮತ್ತೆ ಟೈಪು ಮಾಡತೊಡಗಿದರು. ಸಭೆಯೆಲ್ಲ ಕಾದಿತು. ಹೇಮಿ ಗಾಳಿಗೆ ಬಡಿದುಕೊಳ್ಳುತ್ತಿದ್ದ ಬಾಗಿಲನ್ನು ಬೆನ್ನಿನಿಂದ ಒತ್ತಿ ಹಿಡಿದ. ಕಥೆ ಅಜ್ಜಿಯ ಫೋನಿಗೆ ಹೋಯಿತು. ಅಲ್ಲಿ ಟಿಂಗ್ ಎಂದದ್ದು ಇಲ್ಲಿ ಕೇಳಿಸಿತು.

ಅಜ್ಜಿ ಫೋನನ್ನು ಮೂಗಿನ ಹತ್ತಿರ ಹಿಡಿದರು, ದೂರ ಹಿಡಿದರು. ಹುಡುಕುವ ಜಾಗದಲ್ಲಿ ಒಂದೇ ಬೆರಳಿನಿಂದ ಮೂರು ಅಕ್ಷರ ಒತ್ತಿದರು. ಆ ಮೇಲೆ ಫೋನನ್ನು ನಮ್ಮ ಕಡೆ ತಿರುಗಿಸಿದರು. ಕ್ಯಾಮೆರಾದಲ್ಲಿ ಏನೂ ಓದಲಾಗಲಿಲ್ಲ. ಹಳದಿ ಮಾತ್ರ ಕಂಡಿತು.

ಸಭೆ ಚಪ್ಪಾಳೆ ತಟ್ಟಿತು. ಅಜ್ಜಿ ಆಂಟಿಯ ಹಾಗೆಯೇ ಕೈಯೆತ್ತಿ ತಡೆದರು.

"ಮೂರಿವೆ. ನನ್ನ ಕಥೆಯಲ್ಲಿ ನಾಲ್ಕು. ಒಂದು ನಾಯಿ ಎಲ್ಲಿ?"

ಮಾರ್ಗರೆಟ್ ಹಾಳೆ ನೋಡಿದರು. ಆತುರದಲ್ಲಿ ಒಂದು ಸಾಲೇ ಬಿಟ್ಟುಹೋಗಿತ್ತು. ಆ ಸಾಲು ಹೊಡೆದು ಕಳಿಸಿದರು. ಟಿಂಗ್. ಅಜ್ಜಿ ಎಣಿಸಿದರು. ನಾನು ಎಣಿಸುವವಳೇ ಆದ್ದರಿಂದ ಹೇಳುತ್ತೇನೆ, ಅಷ್ಟು ಸುಖವಾಗಿ ನಾಲ್ಕರವರೆಗೆ ಎಣಿಸಿದವರನ್ನು ನಾನು ನೋಡಿಲ್ಲ.

ನಿಧಾನವಾಗಿ ಅಜ್ಜಿ ಪೆಟ್ಟಿಗೆಯಿಂದ ಎದ್ದರು, ಪಕ್ಕದ ಕುರ್ಚಿಯಲ್ಲಿ ಕೂತರು.

"ಇದೊಂದು ಕಥೆ ಮಕ್ಕಳಿಗೆ ಕೊಡು. ಮುಂದಿನ ಚಳಿಗಾಲದವರೆಗೆ ದಿನಾ ನಾಯಿ ಎಣಿಸ್ತೀನಿ. ನಾಲ್ಕೂ ಇದ್ದರೆ ಪೆಟ್ಟಿಗೆ ತೆಗೀತೀನಿ."

ಹೇಮಿ ಬಾಗಿಲು ಬಿಟ್ಟು ಬಂದು ಮಾರ್ಗರೆಟ್ ಕೈ ಕುಲುಕಿದ. ಬಾಗಿಲು ತೆರೆದುಕೊಂಡು ಸಭೆಯ ಕಾಗದಗಳೆಲ್ಲ ಎದ್ದು ಹಾರಿದವು. ಆಂಟಿ ಕೈ ಚಾಚಿ ನಿಂತಿದ್ದರು, ಫೋನಿಗಾಗಿ.

ಏಪ್ರಿಲ್ 6, ಭಾನುವಾರ. ಮೈಸೂರು

ಅಂದಿನಿಂದ ಅಜ್ಜಿಯ ಫೋನಿನಲ್ಲಿ ಆಂಟಿಯ ನಂಬರಿದೆ. ಆಂಟಿ ದಿನಾ ಗುಲಾಬಿ ಕಳಿಸುತ್ತಾರೆ. ಅಜ್ಜಿ ದಿನಾ ನಾಯಿಗಳ ಸಂಖ್ಯೆ ಕಳಿಸುತ್ತಾರೆ. ಇವತ್ತಿನವರೆಗೆ ನಾಲ್ಕೂ ಇವೆ. ಓರಗಿತ್ತಿ ಸಂಸ್ಕೃತ ನಿಲ್ಲಿಸಿದ್ದಾರಂತೆ.

ಹೋದ ವಾರ ಅಜ್ಜಿ ನನಗೆಂದೇ ಒಂದು ಸಾಲು ಬರೆದು ಆಂಟಿಗೆ ಕಳಿಸಿದ್ದರು. ಮಾರ್ಗರೆಟ್ ಅರ್ಥ ಹೇಳಿದರು: 'ಫೋಟೊ ಹುಡುಗಿಗೆ ಹೇಳಿ, ಅವಳನ್ನು ನಾನು ಹೀಗೆ ನೆನೆಸಿಕೊಳ್ಳುತ್ತೇನೆ.' ಅದರ ಕೊನೆಗೆ ಯಾವುದೋ ಒಂದು ಪುಟ್ಟ ಚಿತ್ರ ಹಾಕಿದ್ದಾರೆ. ಮುಖವೋ, ಹೂವೋ, ಮತ್ತೇನೋ. ಅದು ಹೊಸ ಚಿತ್ರವಿರಬೇಕು, ಆಂಟಿಯ ಹಳೆ ಫೋನಿಗೆ ಪರಿಚಯ ಇಲ್ಲ. ಕ್ರೀ ಅಕ್ಷರಗಳೆಲ್ಲ ಮುತ್ತಿನ ಹಾಗೆ ಬಂದಿವೆ. ಕೊನೆಯಲ್ಲಿ ಒಂದು ಡಬ್ಬಿ.

ಡಬ್ಬಿಯಾದರೂ ಒಳಗೆ ಸಂಖ್ಯೆ ಇರುತ್ತದೆ, ಹುಡುಕಿ ತಿಳಿಯಬಹುದು. ಆ ಸಂದೇಶವನ್ನೇ ನನಗೆ ದಾಟಿಸಿ ಎಂದು ಆಂಟಿಗೆ ಬರೆದೆ.

"ದಾಟಿಸೋದು ಯಾಕೆ, ಸ್ಕ್ರೀನ್ ಫೋಟೊ ತೆಗೆದು ಕಳಿಸಿದ್ದೀನಲ್ಲ. ಫೋನ್ ಫುಲ್ ಆಗಿತ್ತು, ಹಳೇದೆಲ್ಲ ಅಳಿಸಿದೆ," ಎಂದರು.

ಮಾರ್ಗರೆಟ್ ಹೋಗಿ ಅಜ್ಜಿಯನ್ನೇ ಕೇಳಿದರು. ಅಜ್ಜಿ ಫೋನನ್ನು ಪೆಟ್ಟಿಗೆಯ ಮೇಲಿಟ್ಟು ಅದರ ಮೇಲೆ ಕೂತರಂತೆ. "ಅವಳ ಹತ್ರ ಫೋಟೊ ಇದೆಯಲ್ಲ, ಅದರಲ್ಲೇ ಹುಡುಕಲಿ," ಅಂದರಂತೆ.

ಪ್ರವಾಸದ ಲೆಕ್ಕವೆಲ್ಲ ಮುಗಿಸಿದ್ದೇನೆ, ಈ ಒಂದು ಡಬ್ಬಿಯನ್ನು ಬಿಟ್ಟು. ಲಗ್ನಪತ್ರಿಕೆಯ ಉಪಾಯದಿಂದ ತನ್ನನ್ನು ಏಮಾರಿಸಲು ಬಂದ ಹುಡುಗಿಯನ್ನು ತೊಂಬತ್ತು ದಾಟಿದ ಅಜ್ಜಿಯೊಬ್ಬರು ಯಾವ ಚಿತ್ರದಿಂದ ನೆನೆಸಿಕೊಳ್ಳಬಹುದು ಎಂದು ಊಹಿಸಬಲ್ಲವರು ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಕೈಬರಹವಾದರೆ ಒಳ್ಳೆಯದು. ಟೈಪು ಮಾಡುವುದಾದರೆ, ದಯವಿಟ್ಟು, ಕರ್ವ್ ಮಾಡಬೇಡಿ.